ನೆತ್ತರ ಹನಿಯ ಮಾತು ಕೇಳುವ ಟ್ರಾನ್ಸಿಸ್ಟರು

ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ಸೀಮೆಯಲ್ಲಿ, ಬಂಡೀಪುರದ ಕಾಡಿನ ಮಗ್ಗುಲಲ್ಲಿರುವ ಊರು ಎನ್. ಬೇಗೂರು. ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಅರಣ್ಯ ವಲಯವೊಂದಕ್ಕೂ ಇದೇ ಹೆಸರು. ಆನೆಗಳು ಓಡಾಡುವ ಈ ಸೀಮೆಯಲ್ಲಿ ಜೇನುಕುರುಬರ, ಕಾಡುಕುರುಬರ ಹಾಡಿಗಳಿವೆ. ಇಂಥ ಹಾಡಿಯ ಮುದುಕಿಯೊಬ್ಬಳಿಗೆ ತಲೆ ಸುತ್ತು, ಆಯಾಸ. ರಕ್ತ ಪರೀಕ್ಷೆಯಾಗಬೇಕೆಂದು ವೈದ್ಯರು ಹೇಳಿದರೆನ್ನಿ. ಪಟ್ಟಣದ ಗೃಹಸ್ಥರಿಗೆ ಅದು ಅರ್ಧ ಗಂಟೆಯ ಕೆಲಸ. ಆಕೆಗಾದರೋ ಒಂದು ದಿನದ ಕೂಲಿ, ಬಸ್ಸಿನ ಖರ್ಚು, ಕತ್ತಲಾಗುವುದರೊಳಗೆ ಹಿಂದಿರುಗಬೇಕೆಂಬ ಆತಂಕ. ಫಲಿತಾಂಶ ತರಲು ಮತ್ತೊಂದು ಪ್ರಯಾಣ ಬೇಕಾದರೆ, ಎಷ್ಟೋ ಸಲ ಆ ಪ್ರಯಾಣ ನಡೆಯುವುದೇ ಇಲ್ಲ.

ರೋಗಿ ಪ್ರಯೋಗಶಾಲೆಗೆ ಹೋಗುವ ಬದಲು ಪ್ರಯೋಗಶಾಲೆಯೇ ರೋಗಿಯ ಬಾಗಿಲಿಗೆ ಬರಬಾರದೇಕೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಿರುವ ವಿಜ್ಞಾನಿಗಳ ಕೈಯಲ್ಲಿರುವ ಒಂದು ಸಾಧನ, ಸಾವಯವ ವಿದ್ಯುದ್ರಾಸಾಯನಿಕ ಟ್ರಾನ್ಸಿಸ್ಟರು.

ತೂಬು ಮತ್ತು ನಾಲೆ

ಟ್ರಾನ್ಸಿಸ್ಟರೆಂದರೆ ಹಿರಿಯರಿಗೆ ನೆನಪಾಗುವುದು ಹೆಗಲಿಗೆ ತೂಗುಹಾಕಿಕೊಳ್ಳುತ್ತಿದ್ದ ರೇಡಿಯೋ. ನಿಜವಾಗಿ ಅದು ಆ ಪೆಟ್ಟಿಗೆಯೊಳಗಿನ ಪುಟ್ಟ ಬಿಡಿಭಾಗದ ಹೆಸರು. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿದ್ದು. ಕಬಿನಿಯ ನಾಲೆಯಲ್ಲಿ ತೂಬಿನ ಹಲಗೆಯನ್ನು ತುಸು ಇಳಿಸಿದರೆ ಗದ್ದೆಗೆ ಹರಿಯುವ ನೀರು ತಗ್ಗುವುದಷ್ಟೆ. ಹಾಗೆಯೇ ಟ್ರಾನ್ಸಿಸ್ಟರಿನಲ್ಲಿ ಅಲ್ಪವಾದೊಂದು ವಿದ್ಯುತ್ ಸೂಚನೆ ದೊಡ್ಡ ಪ್ರವಾಹವನ್ನು ಆಳುತ್ತದೆ.

ರೇಡಿಯೋದ ಟ್ರಾನ್ಸಿಸ್ಟರಿಗೆ ನೀರು ಶತ್ರು. ಈ ಹೊಸ ಜಾತಿಯದಕ್ಕೆ ತೇವವೇ ಜೀವ. ಎರಡು ಲೋಹದ ತುದಿಗಳ ನಡುವೆ ವಿದ್ಯುತ್ತನ್ನು ಹರಿಯಗೊಡುವ ಪಾಲಿಮರಿನ ತೆಳು ಪೊರೆ. ಅದರ ಮೇಲೆ ರಕ್ತ, ಬೆವರು ಅಥವಾ ಉಪ್ಪುನೀರಿನ ಹನಿ. ಹನಿಗೆ ತಾಗಿದಂತೆ ತೂಬಿನ ಕೆಲಸ ಮಾಡುವ ಮೂರನೆಯ ವಿದ್ಯುದ್ವಾರ. ಇದಕ್ಕೆ ಒಂದು ವೋಲ್ಟಿಗಿಂತಲೂ ಕಡಮೆ ಒತ್ತಡ ಕೊಟ್ಟರೆ ಸಾಕು, ಹನಿಯಲ್ಲಿರುವ ವಿದ್ಯುದಂಶವುಳ್ಳ ಕಣಗಳು, ಅಂದರೆ ಅಯಾನುಗಳು, ಪೊರೆಯೊಳಗೆ ನುಗ್ಗುತ್ತವೆ. ಪೊರೆಯಲ್ಲಿ ಹರಿಯುವ ಪ್ರವಾಹ ತಗ್ಗುತ್ತದೆ. ಸಿಲಿಕಾನಿನಲ್ಲಿ ಈ ಪ್ರಭಾವ ತಾವರೆಯೆಲೆಯ ಮೇಲಿನ ನೀರಿನಂತೆ ಮೇಲ್ಮೈಯಲ್ಲಷ್ಟೇ ನಿಂತರೆ, ಪಾಲಿಮರಿನಲ್ಲಿ ಅವಲಕ್ಕಿ ನೆನೆಯುವಂತೆ ಒಳಗೆಲ್ಲ ವ್ಯಾಪಿಸುತ್ತದೆ. ಆದ್ದರಿಂದಲೇ ಅತಿ ಸಣ್ಣ ವ್ಯತ್ಯಾಸವೂ ಇಲ್ಲಿ ದೊಡ್ಡದಾಗಿ ಕಾಣಿಸಿಕೊಳ್ಳುತ್ತದೆ.

ಸಕ್ಕರೆಯ ಗುರುತು

ಸಕ್ಕರೆಯನ್ನು ಅಳೆಯಬೇಕಾದರೆ ತೂಬಿನ ವಿದ್ಯುದ್ವಾರದ ಮೇಲೆ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಲೇಪಿಸುತ್ತಾರೆ. ಗ್ಲೂಕೋಸು ತಗಲಿದೊಡನೆ ಕಿಣ್ವವು ಆಮ್ಲಜನಕದ ನೆರವಿನಿಂದ ಹೈಡ್ರೋಜನ್ ಪೆರಾಕ್ಸೈಡನ್ನು ಉಂಟುಮಾಡುತ್ತದೆ. ಅದು ಪ್ಲಾಟಿನಮ್ಮಿನ ಮೇಲೆ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟಾಗ ತೂಬು ಮತ್ತಷ್ಟು ಇಳಿದಂತಾಗಿ ಪ್ರವಾಹ ಕುಗ್ಗುತ್ತದೆ. ಕುಗ್ಗಿದಷ್ಟೂ ಸಕ್ಕರೆ ಹೆಚ್ಚು. ಕಿಣ್ವವನ್ನು ಬದಲಿಸಿದರೆ ದಣಿದ ಸ್ನಾಯುವಿನ ಲ್ಯಾಕ್ಟೇಟನ್ನೂ, ತಕ್ಕ ಪೊರೆಯನ್ನು ಹೊದಿಸಿದರೆ ಪೊಟ್ಯಾಸಿಯಮ್ಮನ್ನೂ ಅಳೆಯಬಹುದು. ರಕ್ತಕ್ಕಿಂತ ಬಹಳ ಕಡಮೆ ಸಕ್ಕರೆಯಿರುವ ಜೊಲ್ಲು, ಬೆವರುಗಳಲ್ಲಿಯೂ ಗುರುತು ಹಿಡಿಯಲು ಪ್ರಯತ್ನ ನಡೆದಿದೆ. ಅದು ಕೈಗೂಡಿದರೆ ಸೂಜಿಯ ನೋವೇ ಇಲ್ಲ.

ಇಂಥ ಮೊದಲ ಟ್ರಾನ್ಸಿಸ್ಟರನ್ನು 1984ರಲ್ಲಿ ಅಮೆರಿಕದ ಮಾರ್ಕ್ ರೈಟನ್ ಮತ್ತು ಸಂಗಡಿಗರು ರಚಿಸಿದರು. ಪಾಲಿಮರು ವಿದ್ಯುದ್ವಾಹಕವಾಗಬಲ್ಲುದೆಂದು ತೋರಿಸಿದ ಹೀಗರ್, ಮ್ಯಾಕ್‌ಡಿಯಾರ್ಮಿಡ್, ಶಿರಕಾವಾ ಅವರಿಗೆ 2000ದಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. 2013ರಲ್ಲಿ ಇದೇ ಬಗೆಯ ಟ್ರಾನ್ಸಿಸ್ಟರುಗಳಿಂದ ಇಲಿಯ ಮಿದುಳಿನ ವಿದ್ಯುತ್ ಸಂಕೇತಗಳನ್ನೂ ದಾಖಲಿಸಲಾಯಿತು.

ಕನ್ನಡ ನಾಡಿನಲ್ಲಿ

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೊ. ಕೆ. ಎಸ್. ನಾರಾಯಣ್ ಅವರ ತಂಡ ಪಾಲಿಮರುಗಳ ಎಲೆಕ್ಟ್ರಾನಿಕ್ ಗುಣಗಳನ್ನು ದೀರ್ಘಕಾಲ ಅಭ್ಯಸಿಸಿದೆ. ಭಾರತೀಯ ವಿಜ್ಞಾನ ಮಂದಿರದ ಪ್ರೊ. ನವಕಾಂತ ಭಟ್ ಅವರದು ಸಮೀಪದ ಇನ್ನೊಂದು ಹಾದಿ. ಅವರ ಸಾಧನ ಟ್ರಾನ್ಸಿಸ್ಟರಲ್ಲ. ವಿದ್ಯುದ್ರಾಸಾಯನಿಕ ಪಟ್ಟಿಯೊಂದರ ಮೇಲೆ ಬಿದ್ದ ಹನಿಯನ್ನು ಪರೀಕ್ಷಿಸುವ, ಕೈಯಲ್ಲಿ ಹಿಡಿಯುವಂಥ ಯಂತ್ರ. ಸಕ್ಕರೆಯನ್ನಷ್ಟೇ ಅಲ್ಲದೆ, ರಕ್ತಹೀನತೆಯನ್ನು ತಿಳಿಸುವ ಹೀಮೋಗ್ಲೋಬಿನನ್ನೂ, ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಸೂಚಿಸುವ ಅಂಶವನ್ನೂ ಅದು ಅಳೆಯುತ್ತದೆ. ಇದನ್ನು ಜನಬಳಕೆಗೆ ತರಲು 2015ರಲ್ಲಿ ‘ಪಾತ್‌ಶೋಧ್’ ಸಂಸ್ಥೆ ಆರಂಭವಾಯಿತು, 2018ರಲ್ಲಿ ಪ್ರೊ. ಭಟ್ ಅವರಿಗೆ ಇನ್ಫೋಸಿಸ್ ಪ್ರಶಸ್ತಿ ಸಂದಿತು.

ಇನ್ನೂ ಉಳಿದ ದಾರಿ

ಟ್ರಾನ್ಸಿಸ್ಟರಿನ ಹಾದಿ ಮಾತ್ರ ಇನ್ನೂ ಬಹುಮಟ್ಟಿಗೆ ಪ್ರಯೋಗಶಾಲೆಯೊಳಗೇ ಇದೆ. ಸೆಕೆಯಲ್ಲಿ ಕಿಣ್ವ ಸತ್ತ್ವ ಕಳೆದುಕೊಳ್ಳುತ್ತದೆ. ದಿನಗಳು ಕಳೆದಂತೆ ಪೊರೆಯ ಅಳತೆ ಜಾರುತ್ತದೆ. ಒಂದರಂತೆ ಮತ್ತೊಂದನ್ನು ತಯಾರಿಸುವುದೂ ಸುಲಭವಲ್ಲ. ರಕ್ತದಲ್ಲಿನ ಇತರ ವಸ್ತುಗಳು ತಾವೇ ಸಕ್ಕರೆಯೆಂಬಂತೆ ನಟಿಸಿ ಸಾಧನವನ್ನು ವಂಚಿಸಬಲ್ಲವು. ಇದು ಸಣ್ಣ ವಿಷಯವಲ್ಲ. ಪಟ್ಟಣದಲ್ಲಿ ಲೆಕ್ಕ ತಪ್ಪಿದರೆ ಮರುದಿನ ಇನ್ನೊಂದು ಕಡೆ ಪರೀಕ್ಷಿಸಿಕೊಳ್ಳಬಹುದು; ಹಾಡಿಯ ಮುದುಕಿಗೆ ಆ ಅವಕಾಶವೆಲ್ಲಿ? ‘ಏನೂ ಇಲ್ಲ’ವೆಂಬ ತಪ್ಪು ಉತ್ತರ ಆಕೆಯ ಪಾಲಿಗೆ ಪರೀಕ್ಷೆಯೇ ಇಲ್ಲದ್ದಕ್ಕಿಂತ ಕೇಡು.

ಬೆಂಗಳೂರಿನ ತಂಪು ಕೊಠಡಿಯಲ್ಲಿ ಹೇಳಿದ ಉತ್ತರವನ್ನೇ ಬೇಗೂರಿನ ಬೇಸಗೆಯಲ್ಲಿಯೂ, ಆರೋಗ್ಯ ಕಾರ್ಯಕರ್ತೆಯ ಚೀಲದೊಳಗೆ ವಾರಗಟ್ಟಲೆ ಅಲೆದ ಮೇಲೆಯೂ ಹೇಳಿದರೆ ಆ ಪುಟ್ಟ ಪೊರೆ ಗೆದ್ದಂತೆ. ಅಂದು ಮುದುಕಿಯ ಒಂದು ದಿನದ ಕೂಲಿ ಉಳಿಯುತ್ತದೆ. ರೋಗವೂ ವೇಳೆಗೆ ಸರಿಯಾಗಿ ಗೊತ್ತಾಗುತ್ತದೆ.