ಓದಲಾಗದ ಹಲಗೆಯಲ್ಲಿ ಹುಣ್ಣಿಮೆ

ಗುರುತಿಲ್ಲದ ಭಾಷೆಯ ಗೋಡೆ ಕ್ಯಾಲೆಂಡರಿನ ಮುಂದೆ ನಿಂತು ನೋಡಿ. ಒಂದಕ್ಷರ ಬಾರದಿದ್ದರೂ ಏಳೇಳು ಮನೆಗಳ ಸಾಲು ಕಾಣುತ್ತದೆ. ಒಂದು ಮನೆಯಲ್ಲಿ ಬಿಳಿ ಬೊಟ್ಟು, ಅಲ್ಲಿಂದ ಎಣಿಸಿಕೊಂಡು ಹೋದರೆ ಹದಿನೈದರ ಆಸುಪಾಸಿನಲ್ಲಿ ಕರಿ ಬೊಟ್ಟು. ಇದು ಹುಣ್ಣಿಮೆ, ಅದು ಅಮಾವಾಸ್ಯೆ ಎಂದು ಬೆರಳಿಟ್ಟು ಹೇಳಬಹುದು. ರೊಂಗೊರೊಂಗೊ ಲಿಪಿಯಲ್ಲಿ ವಿದ್ವಾಂಸರ ಕೈಗೆ ಗಟ್ಟಿಯಾಗಿ ಸಿಕ್ಕಿರುವುದು ಇಂಥದೇ ಒಂದು ಎಳೆ.

ಪೆಸಿಫಿಕ್ ಸಾಗರದ ರಾಪಾ ನುಯಿ, ಅಂದರೆ ಈಸ್ಟರ್ ದ್ವೀಪದ ಮನೆಗಳಲ್ಲೆಲ್ಲ ಈ ಲಿಪಿಯ ಚಿತ್ರಾಕ್ಷರ ಕೊರೆದ ಮರದ ಹಲಗೆಗಳಿವೆ ಎಂದು ಮಿಷನರಿ ಯೂಜೆನ್ ಐರೋ 1864ರಲ್ಲಿ ಬರೆದರು. ಅದಕ್ಕೆ ಒಂದೆರಡು ವರ್ಷ ಮೊದಲಷ್ಟೇ ಪೆರುವಿನ ಗುಲಾಮ ವ್ಯಾಪಾರಿಗಳು ಆ ಜನರನ್ನು ಹಡಗಿನಲ್ಲಿ ತುಂಬಿಕೊಂಡು ಹೋಗಿದ್ದರು. ಮರಳಿ ಬಂದ ಕೆಲವರೊಂದಿಗೆ ಸಿಡುಬು ಬಂತು. ಓದಬಲ್ಲವರೇ ಇಲ್ಲವಾದರು. ಇಂದು ಜಗತ್ತಿನಲ್ಲಿ ಉಳಿದಿರುವ ಬರಹಗಳು ಎರಡು ಡಜನಿನಷ್ಟು. ದ್ವೀಪದಲ್ಲಿ ಒಂದೂ ಇಲ್ಲ. ನೆನೆದರೆ ಹೊಟ್ಟೆ ಉರಿಯುತ್ತದೆ.

ಅವುಗಳಲ್ಲಿ ಮಾಮಾರಿ ಎಂಬ ಹಲಗೆ ಈಗ ರೋಮ್ ಬಳಿ ಒಂದು ಕ್ರೈಸ್ತ ಸಂಘದ ವಶದಲ್ಲಿದೆ. ಮರ ನಮ್ಮ ಹೂವರಸಿಯದೇ ಜಾತಿ. ಇದನ್ನು ಓದುವ ಬಗೆಯೇ ಬೇರೆ: ಕೆಳಗಿನ ಸಾಲಿನಿಂದ ಮೊದಲು, ಸಾಲು ಮುಗಿದೊಡನೆ ಹಲಗೆಯನ್ನೇ ತಲೆಕೆಳಗು ಮಾಡಿ ಮುಂದಿನದು. ನೇಗಿಲು ಹೂಡಿದ ಎತ್ತು ಬದುವಿನಲ್ಲಿ ತಿರುಗಿದಂತೆ.

1958ರಲ್ಲಿ ಜರ್ಮನ್ ವಿದ್ವಾಂಸ ಥಾಮಸ್ ಬಾರ್ಥೆಲ್ ಈ ಹಲಗೆಯಲ್ಲಿ ಬಿದಿಗೆ ಚಂದ್ರನಂಥ ಗುರುತು ಒಂದೇ ಕಡೆ ಗುಂಪುಗುಂಪಾಗಿ ಬರುವುದನ್ನು ಹಿಡಿದರು. ಗುಂಪುಗಳ ನಡುವೆ ಚಿಹ್ನೆಗಳ ಒಂದೇ ಸರ ಎಂಟು ಸಲ ಮರಳುತ್ತದೆ. ಆ ಸರದ ತುದಿಯಲ್ಲಿ ದಾರಕ್ಕೆ ಸಿಕ್ಕ ಮೀನು. ಮೊದಲ ನಾಲ್ಕು ಸಲ ಮೀನಿನ ತಲೆ ಮೇಲೆ, ಆಮೇಲಿನ ನಾಲ್ಕು ಸಲ ಕೆಳಗೆ. ನಮಗೆ ಇದನ್ನು ಬಿಡಿಸಿ ಹೇಳಬೇಕೆ? ಶುಕ್ಲಪಕ್ಷ, ಕೃಷ್ಣಪಕ್ಷ. ನಡುವೆ ಕುಳಿತ ಒಂದು ಆಕೃತಿಯೇ ಹುಣ್ಣಿಮೆ. ಅದು ನೆಲದ ಒಲೆಗೆ ಬೆಂಕಿ ಹಚ್ಚುವ ಮುದುಕಿ, ಆ ಜನ ಚಂದ್ರನಲ್ಲಿ ಕಂಡವಳು ಎಂದು ಸಂಶೋಧಕ ಜಾಕ್ ಗೈ ವಿವರಿಸುತ್ತಾರೆ. ನಾವು ಅಲ್ಲಿ ಮೊಲವನ್ನು ಕಾಣುತ್ತೇವೆ.

ಚಂದ್ರಮಾಸಕ್ಕೆ ಸರಾಸರಿ 29.53 ದಿನ, ಇರುಳುಗಳನ್ನು ಇಡಿಯಾಗಿ ಎಣಿಸುವವರು 29ಕ್ಕೋ 30ಕ್ಕೋ ಹೊಂದಿಸಲೇಬೇಕು. ತಿಥಿ ಲೋಪ, ಅಧಿಕ ಮಾಸ ಎಂದು ಪಂಚಾಂಗದವರು ಪಡುವ ಪಾಡು ಇದೇ ಬಗೆಯದು. ದ್ವೀಪದವರು 28 ಇರುಳುಗಳನ್ನು ಖಾಯಂ ಇಟ್ಟುಕೊಂಡು, ಹೋತು, ಹಿರೋ ಎಂಬ ಎರಡನ್ನು ಬೇಕಾದಾಗ ಸೇರಿಸುತ್ತಿದ್ದರು. ಯಾವಾಗ ಸೇರಿಸಬೇಕೆಂಬ ಸೂಚನೆಯೂ ಹಲಗೆಯಲ್ಲಿದೆ ಎಂದು ಗೈ 1990ರಲ್ಲಿ ವಾದಿಸಿದರು. ಬಾಯಿಮಾತಿನ ಪಟ್ಟಿಗಳಲ್ಲಿ ‘ಕೊಕೊರೆ’ ಒಂದು, ಎರಡು, ಮೂರು ಎಂದು ಬರೀ ಸಂಖ್ಯೆಯಿಂದ ಕರೆದ ಇರುಳುಗಳಿವೆ. ಹಲಗೆಯಲ್ಲಿ ಅವುಗಳ ಜಾಗದಲ್ಲಿರುವುದು ಬರೀ ಚಂದ್ರರ ಸಾಲು.

ಈ ಲಿಪಿಯನ್ನು ಪೂರ್ತಿ ಓದಿದೆವು ಎಂದವರು ಹಲವರಿದ್ದಾರೆ. ನನಗೆ ಅವರ ಓದಿಗಿಂತ ಈ ಎಣಿಕೆಯ ಮೇಲೆ ನಂಬಿಕೆ ಹೆಚ್ಚು. ಯಾರು ಬೇಕಾದರೂ ಕೂತು ಎಣಿಸಿ ತಾಳೆ ನೋಡಬಹುದು. ಆದರೆ ಯಾವ ಗುರುತಿಗೆ ಯಾವ ಉಚ್ಚಾರ ಎಂಬುದು ಇದರಿಂದ ತಿಳಿಯಲಿಲ್ಲ. ಮಾಮಾರಿಯ ಎರಡೂ ಮಗ್ಗುಲಿಗೆ ಹದಿನಾಲ್ಕು ಹದಿನಾಲ್ಕು ಸಾಲು, ಸುಮಾರು 1,000 ಚಿಹ್ನೆ. ಚಂದ್ರನ ಲೆಕ್ಕ ಅದರಲ್ಲಿ ಎರಡು ಸಾಲು ಚಿಲ್ಲರೆ.