ಉತಾರ ಹಿಡಿದು ಕಲಿಸುವ ಪಾಠ

ಬೆಳಗಾವಿ ಜಿಲ್ಲೆಯ ಶೇಡಬಾಳದ ರೈತ ಬೆಳೆಸಾಲಕ್ಕೆ ಹೋದರೆ ಬ್ಯಾಂಕಿನವರು ಮೊದಲು ಕೇಳುವುದು ಉತಾರ, ಅಂದರೆ ಜಮೀನಿನ ಪಹಣಿ. 9ನೇ ಕಾಲಂನಲ್ಲಿ ಕಬ್ಜೇದಾರರ ಹೆಸರು, 11ರಲ್ಲಿ ಸಾಲ ಮತ್ತು ಇತರ ಹಕ್ಕುಗಳು, 12ರಲ್ಲಿ ಸಾಗುವಳಿ, ಬೆಳೆ. ಒಂದು ಹೊಲದ ಹಕ್ಕಿನ ಕಥೆಯೆಲ್ಲ ಆ ಹಾಳೆಯ ಮೇಲಿರುತ್ತದೆ.

ಮೊದಲು ಇದನ್ನು ಕೈಯಿಂದ ಬರೆದುಕೊಡುತ್ತಿದ್ದವರು ತಲಾಠಿ, ಅಂದರೆ ಗ್ರಾಮ ಲೆಕ್ಕಿಗರು. ರಾಜ್ಯದಲ್ಲಿ ಅಂಥವರು ಸುಮಾರು 9,000 ಮಂದಿ ಇದ್ದರು. ದಫ್ತರ ಅವರ ಕೈಯಲ್ಲೇ ಇರುತ್ತಿತ್ತು. 2000ದ ಹೊತ್ತಿಗೆ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ಬಂದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಆಗ ಅಥಣಿ ತಾಲ್ಲೂಕಿನಲ್ಲಿದ್ದ ಶೇಡಬಾಳದವರಿಗೂ 15 ರೂಪಾಯಿಗೆ ತಾಲ್ಲೂಕು ಕೇಂದ್ರದಲ್ಲೇ ಮುದ್ರಿತ ಪ್ರತಿ ಸಿಗುವಂತಾಯಿತು.

ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಂಥ ಕಡೆ ‘ಮಾಹಿತಿ ವ್ಯವಸ್ಥೆ’ ಕಲಿಸುವವರಿಗೆ ಈ ಉತಾರಕ್ಕಿಂತ ಒಳ್ಳೆಯ ಪಠ್ಯ ಬೇಕಿಲ್ಲ. 1960ರ ದಶಕದ ಕೊನೆಗೆ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಗಾರ್ಡನ್ ಡೇವಿಸ್ ಮುಂತಾದವರು ಬೆಳೆಸಿದ ಈ ವಿಷಯ ಬರೀ ಯಂತ್ರದ ಶಾಸ್ತ್ರವಲ್ಲ. ದತ್ತಾಂಶ, ಸಾಫ್ಟ್‌ವೇರ್, ಕಚೇರಿಯ ಪದ್ಧತಿ, ಜನ ಎಲ್ಲವೂ ಅದರೊಳಗೆ ಬರುತ್ತವೆ. ವ್ಯಾಖ್ಯೆ ಬಾಯಿಪಾಠ ಮಾಡಿಸಿದರೆ ಅದು ತಲೆಗೆ ಹತ್ತುವುದಿಲ್ಲ.

ತರಗತಿಯಲ್ಲಿ ಒಂದು ಜಂಟಿ ಖಾತೆಯ ಉತಾರ ಹಂಚಿ ನೋಡಬಹುದು. ಒಂದು ಸರ್ವೆ ನಂಬರಿಗೆ ಮೂವರು ಅಣ್ಣತಮ್ಮಂದಿರು. ಅವರಲ್ಲೊಬ್ಬನಿಗೆ ಬೇರೆ ನಂಬರಿನಲ್ಲೂ ಹೊಲ. ಎಲ್ಲವನ್ನೂ ಒಂದೇ ಕೋಷ್ಟಕಕ್ಕೆ ತುಂಬಿದರೆ ಅವನ ಹೆಸರು ಎರಡು ಕಡೆ ಬರುತ್ತದೆ. ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ತಪ್ಪು ಹಾಗೇ ಉಳಿಯುತ್ತದೆ. ಜನರಿಗೊಂದು, ಜಮೀನಿಗೊಂದು, ಇವೆರಡರ ಸಂಬಂಧಕ್ಕೊಂದು ಕೋಷ್ಟಕ ಬೇಕೆಂದು ವಿದ್ಯಾರ್ಥಿಯೇ ಆಗ ಹೇಳುತ್ತಾನೆ.

ಮುಂದಿನ ಪಾಠ ವಾರಸಾ, ಅಂದರೆ ಖಾತೆದಾರ ತೀರಿಕೊಂಡಾಗ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸುವುದು. ‘ಭೂಮಿ’ಯಲ್ಲಿ ಅರ್ಜಿಗೊಂದು ಸರದಿ ಸಂಖ್ಯೆ ಬೀಳುತ್ತದೆ, ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಹೊಗಬೇಕು. ಆದರೂ ತಕರಾರಿಗೆ ನಿಗದಿಯಾದಷ್ಟು ದಿನ ಕಾಯಲೇಬೇಕು. ಕಂಪ್ಯೂಟರ್ ಬಂದ ಮೇಲೂ ಈ ಕಾಯುವಿಕೆ ಯಾಕೆ? ಮದುವೆಯಾಗಿ ಬೇರೆ ಊರು ಸೇರಿದ ಅಕ್ಕತಂಗಿಯರಿಗೂ ತಮ್ಮ ಹಕ್ಕು ಹೇಳಿಕೊಳ್ಳಲು ಅವಕಾಶ ಬೇಕಲ್ಲ! ದಾಖಲೆ ಸುಲಭವಾಗಿ ಸಿಕ್ಕಿದ್ದರಿಂದ ಬೆಂಗಳೂರಿನ ಸುತ್ತ ದೊಡ್ಡ ಭೂವ್ಯವಹಾರದವರಿಗೇ ಹೆಚ್ಚು ಅನುಕೂಲವಾಯಿತೆಂದು ಸಂಶೋಧಕ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ವಾದಿಸಿದ್ದನ್ನೂ ಇಲ್ಲೇ ಚರ್ಚೆಗೆ ತರಬೇಕು.

ಪರೀಕ್ಷೆಯ ಅಂಕದಲ್ಲಿ ಒಂದು ಪಾಲನ್ನು ನಾಡಕಚೇರಿಯ ಕೌಂಟರ್ ಬಳಿ ಕೂತು ನೋಡುವ ಕೆಲಸಕ್ಕೆ ಮೀಸಲಿಡಬಹುದು. ಯಾರು ಬರಿಗೈಲಿ ವಾಪಸಾದರು, ಯಾವ ಕಾಗದ ಇಲ್ಲದ್ದಕ್ಕೆ ಎಂದು ಬರೆದುಕೊಂಡ ಮೇಲೆಯೇ ವಿದ್ಯಾರ್ಥಿ ವಿನ್ಯಾಸಕ್ಕೆ ಕೈಹಾಕಲಿ.