‘ಡಿಲೀಟ್’ ಒತ್ತಿದ ಮೇಲೂ ಉಳಿಯುವುದು

ಫೋನಿನ ಹಿಸ್ಟರಿಯನ್ನು ಅಳಿಸಬಹುದು, ಕಿರಾಮನ್ ಕಾತಿಬೀನ್ ಬರೆದಿಟ್ಟದ್ದನ್ನು ಅಳಿಸಲಾಗದು. ಈ ಮಾತನ್ನು ನಾವು ಮಿಂಬರ್‌ನಿಂದ ಎಷ್ಟೋ ಸಲ ಕೇಳಿದ್ದೇವೆ. ಎರಡನೆಯದರಲ್ಲಿ ತೌಬಾದ ಬಾಗಿಲು ತೆರೆದೇ ಇದೆ. ಮನಸಾರೆ ಮರಳಿದವನ ಪಾಪವನ್ನು ಅಲ್ಲಾಹನು ಅಳಿಸುತ್ತಾನೆಂಬುದು ನಮ್ಮ ವಿಶ್ವಾಸ. ಆದರೆ ಮೊದಲನೆಯದು ನಾವು ತಿಳಿದಷ್ಟು ಸುಲಭವಲ್ಲ. ಫೋನಿನಲ್ಲಿ, ಕಂಪ್ಯೂಟರಿನಲ್ಲಿ ‘ಡಿಲೀಟ್’ ಒತ್ತಿದ್ದು ಅನೇಕ ಸಲ ಅಲ್ಲೇ ಇರುತ್ತದೆ. ಇದು ತಪ್ಪು ಮಾಡಿದವರು ಮಾತ್ರ ಯೋಚಿಸಬೇಕಾದ ವಿಷಯ ಎಂದುಕೊಳ್ಳಬಾರದು. ಮನೆಮಂದಿಯ ಆಧಾರ್, ತಂದೆಯ ಪಾಸ್‌ಪೋರ್ಟ್, ಹೆಣ್ಣುಮಕ್ಕಳ ಮದುವೆ ಫೋಟೋ ಎಲ್ಲವೂ ಇಂದು ಫೋನಿನಲ್ಲೇ ಇವೆ. ಆ ಫೋನು ಕೈ ಬದಲಾಯಿಸುತ್ತದೆ.

ಮೊದಲು ಕ್ಯಾಶ್ ವಿಷಯ. ಇಲ್ಲಿ ಕ್ಯಾಶ್ ಎಂದರೆ ನಗದು ಹಣವಲ್ಲ. ಬಚ್ಚಿಡುವುದು ಎಂಬ ಅರ್ಥದ ಫ್ರೆಂಚ್ ಪದದಿಂದ ಬಂದ ಮಾತು ಇದು. ನಾವು ಒಂದು ಜಾಲತಾಣವನ್ನು ತೆರೆದಾಗ ಬ್ರೌಸರ್ ಅದರ ಚಿತ್ರ, ಲಾಂಛನ, ವಿನ್ಯಾಸಗಳ ಪ್ರತಿಯನ್ನು ನಮ್ಮ ಫೋನಿನಲ್ಲೇ ಇಟ್ಟುಕೊಳ್ಳುತ್ತದೆ. ಮರುದಿನ ಅದೇ ಪುಟ ತೆರೆದರೆ ಎಲ್ಲವನ್ನೂ ಮತ್ತೆ ತರಿಸಿಕೊಳ್ಳಬೇಕಾಗಿಲ್ಲ, ಪುಟ ಬೇಗ ತೆರೆಯುತ್ತದೆ. ಅಂಗಡಿಯವನು ದಿನಾ ಮಾರುವ ಸಾಮಾನನ್ನು ಗೋದಾಮಿನಿಂದ ತಂದು ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇಟ್ಟುಕೊಂಡ ಹಾಗೆ. ಕ್ಯಾಶ್ ತೆಗೆದರೆ ಪಕ್ಕದ ಆ ದಾಸ್ತಾನು ಖಾಲಿಯಾಗುತ್ತದೆ. ಸ್ವಲ್ಪ ಜಾಗ ಸಿಗುತ್ತದೆ, ಕೆಟ್ಟು ನಿಂತ ಪುಟ ಕೆಲವೊಮ್ಮೆ ಸರಿಯಾಗುತ್ತದೆ, ಮೊದಲ ಸಲ ತುಸು ನಿಧಾನವಾಗುತ್ತದೆ. ಅಷ್ಟೇ. ಗೋದಾಮಿನಲ್ಲಿದ್ದದ್ದು ಗೋದಾಮಿನಲ್ಲೇ ಇರುತ್ತದೆ.

ಹಾಗಾಗಿ ‘ಕ್ಯಾಶ್ ಕ್ಲಿಯರ್ ಮಾಡಿದ್ದೇನೆ, ಏನೂ ಉಳಿದಿಲ್ಲ’ ಎನ್ನುವುದು ಸರಿಯಲ್ಲ. ಯಾವ ಪುಟಗಳಿಗೆ ಹೋಗಿದ್ದೆವು ಎಂಬ ಹಿಸ್ಟರಿ ಬೇರೆ. ನಾವು ಯಾರೆಂದು ಜಾಲತಾಣವು ಗುರುತು ಹಿಡಿಯಲು ಇಟ್ಟ ಚೀಟಿ, ಅಂದರೆ ಕುಕೀ, ಬೇರೆ. ಉಳಿಸಿಟ್ಟ ಪಾಸ್‌ವರ್ಡ್ ಬೇರೆ. ಕ್ರೋಮ್‌ನಂಥ ಬ್ರೌಸರ್‌ನಲ್ಲಿ ಇವಕ್ಕೆಲ್ಲ ಪ್ರತ್ಯೇಕ ಚೌಕಗಳಿವೆ. ಟಿಕ್ ಹಾಕಿದ್ದು ಮಾತ್ರ ಹೋಗುತ್ತದೆ. ಕುಕೀಗೆ ಟಿಕ್ ಹಾಕದಿದ್ದರೆ ನಿಮ್ಮ ಜಿಮೇಲ್ ತೆರೆದೇ ಇರುತ್ತದೆ. ಇನ್ನು ಡೌನ್‌ಲೋಡ್ ಮಾಡಿದ ಫೈಲು ಈ ಯಾವ ಚೌಕಕ್ಕೂ ಸೇರಿದ್ದಲ್ಲ. ಹಿಸ್ಟರಿ ಅಳಿಸಿದರೆ ಡೌನ್‌ಲೋಡ್‌ಗಳ ಪಟ್ಟಿ ಹೋಗಬಹುದು, ಫೈಲು ಮಾತ್ರ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಕುಳಿತಿರುತ್ತದೆ.

ಇದು ನಮಗೆ ಎಲ್ಲಿ ಮುಟ್ಟುತ್ತದೆಂದರೆ ಸೈಬರ್ ಸೆಂಟರ್‌ನಲ್ಲಿ. ಮಕ್ಕಳ ಸ್ಕಾಲರ್‌ಶಿಪ್, ಸೇವಾ ಸಿಂಧು, ಹಜ್ ಅರ್ಜಿ, ಎಲ್ಲಕ್ಕೂ ಅಲ್ಲಿಗೇ ಹೋಗುತ್ತೇವೆ. ಆಧಾರ್ ಪಿಡಿಎಫ್ ಇಳಿಸಿ, ಪ್ರಿಂಟ್ ತೆಗೆದು, ಹಣ ಕೊಟ್ಟು ಬರುತ್ತೇವೆ. ಪಿಡಿಎಫ್ ಅಲ್ಲೇ ಉಳಿಯುತ್ತದೆ. ಅದಕ್ಕೆ ಪಾಸ್‌ವರ್ಡ್ ಇದೆಯಲ್ಲ ಎನ್ನಬಹುದು. ಆ ಪಾಸ್‌ವರ್ಡ್ ಎಂದರೆ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರಗಳು ಮತ್ತು ಹುಟ್ಟಿದ ವರ್ಷ. ನಿಮ್ಮ ಅರ್ಜಿ ತುಂಬಿದವನಿಗೆ ಎರಡೂ ಗೊತ್ತು. ಪ್ರಿಂಟ್‌ಗಾಗಿ ಅಂಗಡಿಯ ವಾಟ್ಸಾಪ್‌ಗೆ ಕಳಿಸಿದ ಪಾಸ್‌ಪೋರ್ಟ್ ಫೋಟೋವೂ ಅಲ್ಲಿನ ಫೋನಿನಲ್ಲಿ ಇರುತ್ತದೆ. ಎದ್ದು ಬರುವ ಮುಂಚೆ ಡೌನ್‌ಲೋಡ್ಸ್ ಫೋಲ್ಡರ್ ತೆರೆಸಿ, ನಿಮ್ಮದನ್ನು ಶಿಫ್ಟ್ ಒತ್ತಿ ಹಿಡಿದು ಡಿಲೀಟ್ ಮಾಡಿಸಿ, ಲಾಗೌಟ್ ಆಗಿದೆಯೇ ನೋಡಿ. ಶಿಫ್ಟ್ ಇಲ್ಲದೆ ಅಳಿಸಿದರೆ ಅದು ರೀಸೈಕಲ್ ಬಿನ್‌ಗೆ ಹೋಗುತ್ತದೆ, ಅಲ್ಲಿಂದ ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಹೀಗೆ ಕೇಳಲು ಸಂಕೋಚ ಬೇಡ. ಸೈಬರ್, ಮೊಬೈಲ್ ಅಂಗಡಿ ನಡೆಸುವವರಲ್ಲಿ ನಮ್ಮ ಯುವಕರೇ ಸಾಕಷ್ಟಿದ್ದಾರೆ. ಹಿಜ್ರತ್‌ನ ಸಮಯದಲ್ಲಿ ಪ್ರವಾದಿ(ಸ)ರವರು ತಮ್ಮ ಬಳಿಯಿದ್ದ ಮಕ್ಕಾದವರ ಅಮಾನತುಗಳನ್ನು ಮರಳಿಸಲು ಅಲೀ(ರ)ರವರನ್ನು ಅಲ್ಲೇ ಬಿಟ್ಟುಹೋದ ಘಟನೆ ಅವರಿಗೆಲ್ಲ ಗೊತ್ತಿರುವಂಥದ್ದೇ. ಗಿರಾಕಿಯ ಪಾಸ್‌ಪೋರ್ಟ್ ಪ್ರತಿಯೂ ಅಮಾನತೇ. ಸಂಜೆ ಅಂಗಡಿ ಮುಚ್ಚುವಾಗ ಆ ಫೋಲ್ಡರ್ ಖಾಲಿ ಮಾಡಲು ಎರಡು ನಿಮಿಷ ಸಾಕು.

‘ಇನ್‌ಕಾಗ್ನಿಟೊ’ದಲ್ಲಿ ನೋಡಿದರೆ ಯಾರಿಗೂ ತಿಳಿಯುವುದಿಲ್ಲ ಎಂಬ ನಂಬಿಕೆ ಹುಡುಗರಲ್ಲಿದೆ. ಅದು ನಿಮ್ಮ ಫೋನಿನಲ್ಲಿ ಹಿಸ್ಟರಿ ಉಳಿಸುವುದಿಲ್ಲ, ನಿಜ. ಇಂಟರ್‌ನೆಟ್ ಕೊಡುವ ಕಂಪೆನಿಗೆ, ಕಾಲೇಜಿನ ವೈಫೈ ನಡೆಸುವವರಿಗೆ, ನೀವು ಹೋದ ಜಾಲತಾಣಕ್ಕೆ ಅದೇನೂ ಮರೆಯಲ್ಲ. ಇದೇ ವಿಷಯದಲ್ಲಿ ಅಮೆರಿಕದಲ್ಲಿ 2020ರಲ್ಲಿ ಗೂಗಲ್ ಮೇಲೆ ದಾವೆ ಹೂಡಲಾಗಿತ್ತು. 2024ರಲ್ಲಿ ರಾಜಿಯಾದಾಗ, ಖಾಸಗಿ ಬ್ರೌಸಿಂಗ್ ಸಮಯದಲ್ಲಿ ಸಂಗ್ರಹಿಸಿದ್ದ ಕೋಟ್ಯಂತರ ದಾಖಲೆಗಳನ್ನು ನಾಶಪಡಿಸಲು ಕಂಪೆನಿ ಒಪ್ಪಿತು.

ಈಗ ಫೈಲುಗಳ ಮಾತು. ಮದ್ರಸದ ಹಾಜರಿ ಪುಸ್ತಕದಲ್ಲಿ ಒಬ್ಬ ಹುಡುಗನ ಹೆಸರನ್ನು ಹೊಡೆದುಹಾಕಿದರೆಂದು ಇಟ್ಟುಕೊಳ್ಳಿ. ಹುಡುಗ ಬೆಂಚಿನಲ್ಲೇ ಇದ್ದಾನೆ. ಉಸ್ತಾದರು ಹಾಜರಿ ಕರೆಯುವಾಗ ಅವನ ಹೆಸರು ಬರುವುದಿಲ್ಲ, ಲೆಕ್ಕಕ್ಕೆ ಆ ಜಾಗ ಖಾಲಿ. ಹೊಸಬನೊಬ್ಬ ಬಂದು ಅಲ್ಲಿ ಕುಳಿತಾಗಲೇ ಅವನು ಏಳುವುದು. ಕಂಪ್ಯೂಟರಿನ ಹಳೆಯ ಹಾರ್ಡ್ ಡಿಸ್ಕ್, ಪೆನ್‌ಡ್ರೈವ್, ಮೆಮೊರಿ ಕಾರ್ಡ್‌ಗಳಲ್ಲಿ ಡಿಲೀಟ್ ಎಂದರೆ ಸಾಮಾನ್ಯವಾಗಿ ಇಷ್ಟೇ. ಮೆಮೊರಿ ಕಾರ್ಡ್‌ಗಳಲ್ಲಿ ಬಳಸುವ ‘ಫ್ಯಾಟ್’ ಎಂಬ ವ್ಯವಸ್ಥೆಯಲ್ಲಂತೂ ಅಳಿಸಿದ ಫೈಲಿನ ಹೆಸರಿನ ಮೊದಲ ಅಕ್ಷರದ ಜಾಗದಲ್ಲಿ ಒಂದು ಗುರುತು ಹಾಕಿ, ಅದು ಕೂತಿದ್ದ ಜಾಗ ಖಾಲಿ ಎಂದು ಪಟ್ಟಿಯಲ್ಲಿ ಬರೆಯುತ್ತಾರೆ. ಫೋಟೋ ಇದ್ದಲ್ಲೇ ಇರುತ್ತದೆ. ಬೇರೆ ಫೈಲು ಅದರ ಮೇಲೆ ಬರೆಯುವ ತನಕ ಉಚಿತವಾಗಿ ಸಿಗುವ ಸಾಫ್ಟ್‌ವೇರ್‌ನಿಂದಲೇ ಅದನ್ನು ಮರಳಿ ತೆಗೆಯಬಹುದು. ‘ಕ್ವಿಕ್ ಫಾರ್ಮ್ಯಾಟ್’ ಮಾಡಿದರೂ ಹೋಗುವುದು ಹಾಜರಿ ಪುಸ್ತಕ ಮಾತ್ರ.

ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಅಮೆರಿಕದ ಎಂಐಟಿಯಲ್ಲಿ ಓದುತ್ತಿದ್ದ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾಟ್ ಎಂಬಿಬ್ಬರು ಸೆಕೆಂಡ್ ಹ್ಯಾಂಡ್ ಆಗಿ ಮಾರಾಟಕ್ಕಿದ್ದ 158 ಹಾರ್ಡ್ ಡಿಸ್ಕ್‌ಗಳನ್ನು ಕೊಂಡು ತಂದರು. ಓದಲು ಸಾಧ್ಯವಾದದ್ದು 129. ಅವುಗಳಲ್ಲಿ ಸರಿಯಾಗಿ ಅಳಿಸಿದ್ದು ಬರೇ 12. ಉಳಿದವುಗಳಲ್ಲಿ ಜನರ ಕ್ರೆಡಿಟ್ ಕಾರ್ಡ್ ಸಂಖ್ಯೆ, ವೈದ್ಯಕೀಯ ವಿಷಯ, ಖಾಸಗಿ ಪತ್ರಗಳು ಸಿಕ್ಕವು. ಒಂದು ಡಿಸ್ಕ್ ಯಾವುದೋ ಎಟಿಎಂ ಯಂತ್ರದ್ದು! 2003ರಲ್ಲಿ ಅವರು ಇದನ್ನು ಪ್ರಕಟಿಸಿದರು. ಮಾರಿದವರಲ್ಲಿ ಅನೇಕರು ತಾವು ಅಳಿಸಿದ್ದೇವೆಂದೇ ತಿಳಿದಿದ್ದರು.

ಇಂದಿನ ಫೋನುಗಳ ಸ್ಥಿತಿ ಇದಕ್ಕಿಂತ ಒಳ್ಳೆಯದು ಎನ್ನುವುದನ್ನೂ ಹೇಳಬೇಕು. ಐಫೋನ್‌ಗಳಲ್ಲಿ, ಆಂಡ್ರಾಯ್ಡ್ 10ರೊಂದಿಗೆ ಅಥವಾ ಅದರ ನಂತರ ಬಂದ ಹೊಸ ಫೋನುಗಳಲ್ಲಿ ಒಳಗಿನ ಮಾಹಿತಿಯೆಲ್ಲ ಗೂಢಲಿಪಿಯಲ್ಲಿರುತ್ತದೆ. ‘ಫ್ಯಾಕ್ಟರಿ ರೀಸೆಟ್’ ಮಾಡಿದಾಗ ಅದನ್ನು ಬಿಚ್ಚುವ ಕೀಲಿಯೇ ನಾಶವಾಗುತ್ತದೆ. ಅಕ್ಷರಗಳು ಉಳಿದರೂ ಓದಲಾಗದು. ಆದ್ದರಿಂದ ಫೋನು ಮಾರುವ ಮುಂಚೆ ಒಂದೊಂದೇ ಫೋಟೋ ಅಳಿಸುತ್ತ ಕೂರುವುದು ವ್ಯರ್ಥ. ಬೇಕಾದದ್ದನ್ನು ಬೇರೆಡೆ ಇಟ್ಟುಕೊಳ್ಳಿ, ಗೂಗಲ್ ಅಥವಾ ಆಪಲ್ ಖಾತೆಯನ್ನು ತೆಗೆಯಿರಿ (ತೆಗೆಯದಿದ್ದರೆ ಕೊಂಡವನಿಗೆ ಫೋನು ತೆರೆಯುವುದೇ ಇಲ್ಲ, ಅದು ಅವನಿಗೆ ಮಾಡುವ ಅನ್ಯಾಯ), ಸಿಮ್ ಮತ್ತು ಕಾರ್ಡ್ ಹೊರಗೆ ತೆಗೆದು ರೀಸೆಟ್ ಮಾಡಿ.

ಒಂದೊಂದೇ ಅಳಿಸುವುದರಲ್ಲಿ ಇನ್ನೊಂದು ತೊಡಕೂ ಇದೆ. ಗೂಗಲ್ ಫೋಟೋಸ್‌ನಲ್ಲಿ ಅಳಿಸಿದ, ಬ್ಯಾಕಪ್ ಆಗಿರುವ ಚಿತ್ರ 60 ದಿನ ಟ್ರ್ಯಾಶ್‌ನಲ್ಲಿರುತ್ತದೆ. ಐಫೋನ್‌ನಲ್ಲಿ ‘ರೀಸೆಂಟ್ಲಿ ಡಿಲೀಟೆಡ್’ ಎಂಬಲ್ಲಿ 30 ದಿನ. ರಿಪೇರಿಗೆ ಕೊಡುವ ದಿನ ಬೆಳಿಗ್ಗೆ ಅವಸರದಲ್ಲಿ ಅಳಿಸಿದ ಮನೆಯವರ ಫೋಟೋಗಳೆಲ್ಲ ಒಂದೇ ಕಡೆ ಗುಂಪಾಗಿ ಸಿಗುತ್ತವೆ! ರಿಪೇರಿಗೆ ಕೊಡುವಾಗ ಪಾಸ್‌ವರ್ಡ್ ಬರೆದುಕೊಡುವ ಅಭ್ಯಾಸವನ್ನೂ ಬಿಡೋಣ. ಸ್ಯಾಮ್‌ಸಂಗ್‌ನ ಹಲವು ಫೋನುಗಳಲ್ಲಿ ‘ಮೇಂಟೆನೆನ್ಸ್ ಮೋಡ್’ ಇದೆ. ಅದನ್ನು ಹಾಕಿದರೆ ರಿಪೇರಿಯವನು ಕೆಲಸ ಮಾಡಬಹುದು, ನಿಮ್ಮ ಫೋಟೋ, ಸಂದೇಶ ಅವನಿಗೆ ಕಾಣುವುದಿಲ್ಲ.

ಮೆಮೊರಿ ಕಾರ್ಡಿಗೆ ಮಾತ್ರ ಇಂಥ ರಕ್ಷಣೆ ಸಾಮಾನ್ಯವಾಗಿ ಇಲ್ಲ. ಕಂಪ್ಯೂಟರಿಗೆ ಹಾಕಿ, ಕ್ವಿಕ್ ಫಾರ್ಮ್ಯಾಟ್‌ನ ಟಿಕ್ ತೆಗೆದು ಪೂರ್ಣ ಫಾರ್ಮ್ಯಾಟ್ ಮಾಡಿದರೆ ವಿಂಡೋಸ್ ಅದರ ತುಂಬ ಸೊನ್ನೆ ಬರೆಯುತ್ತದೆ. ನಮ್ಮನ್ನು ಕೇಳಿದರೆ ಕುಟುಂಬದ ಫೋಟೋಗಳಿದ್ದ ಕಾರ್ಡನ್ನು ಮಾರುವುದೇ ಬೇಡ. ಸಿಗುವುದು ನೂರಿನ್ನೂರು ರೂಪಾಯಿ. ಕತ್ತರಿಯಲ್ಲಿ ತುಂಡು ಮಾಡಿಬಿಡಿ.

ಉಮ್ರಾದ ಫೋಟೋಗಳು ಕೈತಪ್ಪಿ ಅಳಿಸಿಹೋದವರಿಗೆ ಈ ದೌರ್ಬಲ್ಯವೇ ವರ. ಅದು ಕಾರ್ಡಿನಲ್ಲಿದ್ದ ಫೋಟೋ ಆಗಿದ್ದರೆ ಆ ಕ್ಷಣವೇ ಕಾರ್ಡ್ ಹೊರಗೆ ತೆಗೆಯಿರಿ. ಮತ್ತೆ ಒಂದು ಫೋಟೋ ಸಹ ತೆಗೆಯಬೇಡಿ. ಹೊಸ ಹುಡುಗ ಬಂದು ಕೂರುವ ಮುಂಚೆ ಹಳಬನನ್ನು ಹುಡುಕಬೇಕು. ಫೋಟೋರೆಕ್ ಎಂಬ ಉಚಿತ ಸಾಫ್ಟ್‌ವೇರ್‌ನಿಂದ ಅನೇಕ ಸಲ ಸಿಗುತ್ತವೆ; ಸಿಕ್ಕಿದ್ದನ್ನು ಅದೇ ಕಾರ್ಡಿಗೆ ಹಾಕದೆ ಕಂಪ್ಯೂಟರಿನಲ್ಲಿ ಉಳಿಸಬೇಕು. ಇನ್ನೊಂದು ಎಚ್ಚರಿಕೆ: ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ನ ‘ಕ್ಲಿಯರ್ ಕ್ಯಾಶ್’ ಪಕ್ಕದಲ್ಲೇ ‘ಕ್ಲಿಯರ್ ಸ್ಟೋರೇಜ್’ ಅಥವಾ ‘ಕ್ಲಿಯರ್ ಡೇಟಾ’ ಇದೆ. ವಾಟ್ಸಾಪ್‌ಗೆ ಅದನ್ನು ಒತ್ತಿದರೆ, ಬ್ಯಾಕಪ್ ಇಲ್ಲದಿದ್ದಲ್ಲಿ, ಗಲ್ಫ್‌ನಲ್ಲಿರುವ ಮಗ ವರ್ಷಗಟ್ಟಲೆ ಕಳಿಸಿದ ಸಂದೇಶಗಳು ಹೋದವೆಂದೇ ತಿಳಿಯಿರಿ.

ಇನ್ನೊಬ್ಬರಿಗೆ ಕಳಿಸಿದ್ದನ್ನು ಅಳಿಸುವ ಶಕ್ತಿ ಮಾತ್ರ ನಮ್ಮ ಕೈಯಲ್ಲಿ ಬಹುಮಟ್ಟಿಗೆ ಇಲ್ಲ. ವಾಟ್ಸಾಪ್‌ನಲ್ಲಿ ‘ಎಲ್ಲರಿಗೂ ಡಿಲೀಟ್’ ಮಾಡಲು ಎರಡು ದಿನಕ್ಕೂ ಚೂರು ಹೆಚ್ಚು ಸಮಯವಿದೆ. ಅಷ್ಟರಲ್ಲಿ ಅದನ್ನು ಗ್ಯಾಲರಿಗೆ ಉಳಿಸಿಕೊಂಡವರಿರುತ್ತಾರೆ, ಸ್ಕ್ರೀನ್‌ಶಾಟ್ ತೆಗೆದವರಿರುತ್ತಾರೆ, ಮುಂದಕ್ಕೆ ಕಳಿಸಿದವರಿರುತ್ತಾರೆ. ಮೆಹಂದಿ ದಿನ ಹೆಂಗಸರ ಕೋಣೆಯಲ್ಲಿ ತೆಗೆದ ಫೋಟೋ ಕುಟುಂಬದ ಗ್ರೂಪಿಗೆ ಹೋಗುವ ಮುಂಚೆ ಅದರಲ್ಲಿರುವ ಪ್ರತಿಯೊಬ್ಬಳನ್ನೂ ಕೇಳಬೇಕು ಎಂದು ನಾವು ಹಠ ಹಿಡಿಯುವುದು ಇದಕ್ಕಾಗಿಯೇ.

ಮಕ್ಕಳ ವಿಷಯದಲ್ಲಿ ಒಂದು ಮಾತು. ಮಗಳು ಹಿಸ್ಟರಿ ಅಳಿಸಿದ್ದಾಳೆಂದ ಮಾತ್ರಕ್ಕೆ ತಪ್ಪು ಮಾಡಿದ್ದಾಳೆಂದಲ್ಲ. ಫೋನು ನಿಧಾನವಾಗಿದೆಯೆಂದೂ ಅಳಿಸುತ್ತಾರೆ. ಸೂರಃ ಅಲ್ ಹುಜುರಾತ್‌ನ 12ನೇ ವಚನವು ಅನುಮಾನವನ್ನೂ ಗೂಢಚರ್ಯೆಯನ್ನೂ ಒಟ್ಟಿಗೇ ತಡೆದಿದೆ. ಚಿಕ್ಕ ಮಕ್ಕಳ ಫೋನನ್ನು ಅವರಿಗೆ ತಿಳಿಸಿಯೇ ನೋಡುವುದು ತಂದೆತಾಯಿಯ ಹೊಣೆ. ಅಳಿಸಿದ್ದನ್ನು ಕದ್ದು ಮರಳಿ ತೆಗೆಸಲು ಅಂಗಡಿಗೆ ಓಡುವುದು ಬೇರೆ ವಿಷಯ. ಕೊಂಡು ತಂದ ಹಳೆಯ ಕಾರ್ಡಿನಲ್ಲಿ ಪರರ ಕುಟುಂಬದ ಚಿತ್ರ ಕಂಡವರಿಗೂ ಅದೇ ವಚನ ಅನ್ವಯಿಸುತ್ತದೆ: ಮುಂದೆ ನೋಡದೆ ಪೂರ್ಣ ಫಾರ್ಮ್ಯಾಟ್ ಮಾಡಿ.

ಕೊನೆಗೆ ಕಪಾಟಿನಲ್ಲಿ ಬಿದ್ದಿರುವ, ಆನ್ ಆಗದ ಫೋನುಗಳು. ರೀಸೆಟ್ ಮಾಡಲಾಗದು, ಆದರೆ ರಿಪೇರಿ ತಿಳಿದವನ ಕೈಯಲ್ಲಿ ಅದು ಮತ್ತೆ ಹೊತ್ತಿಕೊಳ್ಳಬಹುದು. ಹಳೆ ಮೊಬೈಲ್‌ಗೆ ಪ್ಲಾಸ್ಟಿಕ್ ಬಕೆಟ್, ಪಾತ್ರೆ ಕೊಡುತ್ತೇವೆಂದು ಬೀದಿಯಲ್ಲಿ ಕೂಗುತ್ತ ಬರುವವರಿಗೆ ಇಂಥದ್ದನ್ನೇ ಕೊಡುತ್ತೇವೆ. 2024ರಲ್ಲಿ ತೆಲಂಗಾಣದ ರಾಮಗುಂಡಂ ಪೊಲೀಸರು ಹೀಗೆ ಕೂಡಿಹಾಕಿದ ಸಾವಿರಾರು ಹಳೆಯ ಫೋನುಗಳನ್ನು ಸೈಬರ್ ವಂಚನೆಯ ತನಿಖೆಯಲ್ಲಿ ವಶಪಡಿಸಿಕೊಂಡಿದ್ದರು. ಪರಿಚಯದ ಮೊಬೈಲ್ ಅಂಗಡಿಯಲ್ಲಿ ಅದನ್ನು ಒಮ್ಮೆ ಆನ್ ಮಾಡಿಸಿ, ಎದುರಿಗೇ ರೀಸೆಟ್ ಮಾಡಿಸಿ. ಆಗದಿದ್ದರೆ ಸಿಮ್, ಕಾರ್ಡ್ ತೆಗೆದು, ಫೋನನ್ನು ಮನೆಯಲ್ಲೇ ಇಟ್ಟುಕೊಳ್ಳಿ. ಬಕೆಟ್ ಅಂಗಡಿಯಲ್ಲೂ ಸಿಗುತ್ತದೆ.